ನಲವತ್ತೊಂದನೇ ಫೋಟೊ

"ನಲವತ್ತೊಂದನೇ ನಂಬರಿನ ಪೇಷಂಟ್ ಎಲ್ಲಿ?"

ಬಾಗಿಲಲ್ಲಿ ನಿಂತವನ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ನಾನು ಇಂಥವನು ಎನ್ನುವುದೂ ಇಲ್ಲ!

ಬ್ಯಾಂಡೇಜ್ ಸುತ್ತಿಡುತ್ತಿದ್ದ ನರ್ಸ್ ತಲೆ ಎತ್ತಿದಳು. ಆ ದನಿಯನ್ನು ಎರಡು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದಾಳೆ. ಮುಖ ಕಂಡದ್ದು ಇವತ್ತೇ.

ಆ ಚಿಕ್ಕ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರ್ ಇರಲಿಲ್ಲ. ಕಜ್ಜಿಯೋ ಮಚ್ಚೆಯೋ, ಇವಳು ಮೊಬೈಲಿನಲ್ಲಿ ಫೋಟೊ ತೆಗೆದು, ನಂಬರ್ ಹಾಕಿ ಕಳಿಸಬೇಕು. ಐದು ಗಂಟೆ ದಾರಿಯಾಚೆ ಕುಳಿತ ಈ ಡಾಕ್ಟರ್ ಅದನ್ನು ನೋಡಿ ರೋಗ ಹೇಳಬೇಕು. ಮೊದಮೊದಲು "ಮಸುಕಾಗಿದೆ, ಮತ್ತೆ ತೆಗೀರಿ" ಎಂದಷ್ಟೇ ಬರೆಯುತ್ತಿದ್ದ. ಆಮೇಲೆ "ಊಟ ಆಯ್ತಾ?" ಸೇರಿಕೊಂಡಿತು. ಕೊನೆಕೊನೆಗೆ ಆ ಪ್ರಶ್ನೆ ಬಾರದ ದಿನ ಇವಳಿಗೆ ಊಟವೇ ಸೇರುತ್ತಿರಲಿಲ್ಲ. ಬೇರೆಯವರ ನಡುವೆ ಹೂವು ಓಡಾಡುತ್ತದೆ, ಇವರ ನಡುವೆ ಓಡಾಡಿದ್ದು ಹುಳುಕಡ್ಡಿಯ ಫೋಟೊ!

"ಆ ಪೇಷಂಟ್... ಊರು ಬಿಟ್ಟು ಹೋದ್ರು," ಎಂದಳು.

"ಫೋನ್ ನಂಬರ್?"

"ಕೊಟ್ಟಿಲ್ಲ."

"ಎಂಥ ಕೆಲಸ ಮಾಡಿದ್ದೀರಿ ನೀವು!"

ನೆಲ ಒರೆಸುತ್ತಿದ್ದ ಆಯಮ್ಮನಿಗೆ ರೇಗಿತು. "ಬಂದ ಕಾಲಲ್ಲೇ ಜಗಳಾನಾ ಡಾಕ್ಟ್ರೇ? ಕೂತ್ಕೊಳ್ಳಿ, ಮೊದಲು ನೀರು ಕುಡೀರಿ."

ಅವನು ಕೂರಲಿಲ್ಲ. ಮೇಜಿನ ಮೇಲಿದ್ದ ಆಸ್ಪತ್ರೆಯ ಫೋನು ಎತ್ತಿಕೊಂಡ. "ಇದು ಯಾವಾಗ ಬಂತು?"

"ಹೋದ ತಿಂಗಳು. ಹಳೇದು ಬಿದ್ದು ಒಡೆದುಹೋಯ್ತು."

"ಇದರ ಕ್ಯಾಮೆರಾ ತಾನಾಗೇ ಚರ್ಮ ನುಣುಪು ಮಾಡುತ್ತೆ. ಚಂದ ಕಾಣಲಿ ಅಂತ! ನೀವೂ ಗಮನಿಸಲಿಲ್ಲ, ನನಗೂ ಹೊಳೀಲಿಲ್ಲ. ಮೊನ್ನೆ ಎಂಬತ್ತು ವರ್ಷದ ಅಜ್ಜನ ಕೈ ಕಳಿಸಿದ್ರಲ್ಲ, ಅದರಲ್ಲಿ ಒಂದೇ ಒಂದು ಸುಕ್ಕಿರಲಿಲ್ಲ. ಆಗ ಗೊತ್ತಾಯ್ತು."

ಅವಳ ಕೈ ನಿಂತಿತು.

"ಈ ಫೋನಿಂದ ಬಂದ ಬೇರೆಯವರದ್ದೆಲ್ಲ ಬರೀ ತುರಿಕೆ, ಅಲರ್ಜಿ. ಆದರೆ ನಲವತ್ತೊಂದು... ಕಾಲಿನ ಮೇಲೆ ಕಪ್ಪು ಮಚ್ಚೆ. ಅಂಚು ನುಣ್ಣಗಿದೆ ಅಂತ 'ಏನೂ ಇಲ್ಲ, ಹೆದರಬೇಡಿ' ಅಂತ ಬರೆದುಬಿಟ್ಟೆ. ಅಂಚು ನಿಜಕ್ಕೂ ಅಂಕುಡೊಂಕಾಗಿದ್ರೆ ಅದು ಕ್ಯಾನ್ಸರ್ ಇರಬಹುದು. ಪಾಪ, ಆ ಹೆಣ್ಣುಮಗಳು ನನ್ನ ಮಾತು ನಂಬಿ ಸುಮ್ಮನೆ ಕೂತಿರ್ತಾಳೆ!"

ಹೌದು, ನಂಬಿ ಕೂತಿದ್ದಳು. ನಲವತ್ತೊಂದು ಈ ನರ್ಸೇ!

'ಅಯ್ಯೋ ದೇವರೇ... ಹೇಳಿದ್ರೆ ಇವರ ಕಣ್ಣಿಗೆ ನಾನೂ ಒಂದು ನಂಬರ್ ಆಗ್ತೀನಿ. ಆಮೇಲೆ ಊಟ ಆಯ್ತಾ ಅಂತ ಕೇಳಲ್ಲ, ಮಾತ್ರೆ ಆಯ್ತಾ ಅಂತ ಕೇಳ್ತಾರೆ.'

ಇದೇ ಭಯಕ್ಕೆ ಅವಳು ಆ ಫೋಟೊದ ಕೆಳಗೆ ಬೇರೆ ಯಾರದೋ ಎಂಬಂತೆ ಬರೆದು ಕಳಿಸಿದ್ದು. ಆದರೆ ಪ್ರಾಣಕ್ಕಿಂತ ನಾಚಿಕೆ ದೊಡ್ಡದೇ? ಸ್ಟೂಲಿನ ಮೇಲೆ ಕಾಲಿಟ್ಟು ಕಾಲುಚೀಲ ಇಳಿಸಿದಳು.

"ಅಯ್ಯೋ ನನ್ನ ಮಗಳೇ!" ಎಂದಳು ಆಯಮ್ಮ.

ಡಾಕ್ಟರ್ ಮಂಡಿಯೂರಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

"ಅಂಚು ಸರಿಯಿಲ್ಲ. ನಾಳೇನೇ ತೆಗೆಸಿ ಪರೀಕ್ಷೆಗೆ ಕಳಿಸಬೇಕು. ಇನ್ನೂ ಚಿಕ್ಕದಿದೆ... ಬೇಗ ಗೊತ್ತಾಯ್ತು ಅನ್ಸುತ್ತೆ."

"ನೀವೇ ತೆಗೀತೀರಾ?"

"ಇಲ್ಲ. ನನ್ನ ಜೊತೆ ಕೆಲಸ ಮಾಡೋ ಲೇಡಿ ಡಾಕ್ಟರ್ ತೆಗೀತಾರೆ."

ಅವಳು ಕಾಲುಚೀಲ ಮೇಲೆಳೆದುಕೊಂಡಳು. "ಅಂದ್ರೆ ಕೈ ತೊಳ್ಕೊಂಡ್ರಿ! ನೀವು ಇಷ್ಟು ದೂರ ಬಂದದ್ದು ನಲವತ್ತೊಂದಕ್ಕೆ. ನನಗೋಸ್ಕರ ಅಲ್ಲ."

"ನಲವತ್ತೊಂದಕ್ಕೇ ಬಂದೆ, ನಿಜ," ಎಂದ ಅವನು, ಮಂಡಿಯೂರಿದಲ್ಲಿಂದಲೇ. "ಆದರೆ ಈಗ ನಿಮ್ಮ ಕಾಲಿಗೆ ನಾನು ಬ್ಲೇಡ್ ಹಾಕೋಕಾಗಲ್ಲ. ನಮ್ಮ ಡಾಕ್ಟರುಗಳಲ್ಲಿ ಒಂದು ಪದ್ಧತಿ ಇದೆ... ಮನೆಯವರಿಗೆ ನಾವೇ ಚಿಕಿತ್ಸೆ ಮಾಡಲ್ಲ."

ಆಯಮ್ಮ ಒರೆಸುವುದನ್ನು ನಿಲ್ಲಿಸಿದಳು.

"ನಾನು... ನಿಮ್ಮ ಮನೆಯವಳಾ?"

"ನೀವು ಒಪ್ಪಿದ್ರೆ."

ಅವಳಿಗೆ ಅಳು ಉಕ್ಕಿ ಬಂತು. "ಪರೀಕ್ಷೆಯ ರಿಪೋರ್ಟ್ ಬರಲಿ. ಆಮೇಲೆ ಕೇಳಿ."

"ಇಲ್ಲ. ಬರೋಕೆ ಮುಂಚೇನೇ ಕೇಳ್ಬೇಕು."

ಅವಳು ಕಣ್ಣೊರೆಸಿಕೊಂಡಳು. "ಹೂಂ... ಆದ್ರೆ ನಾಳೆ ಅವರು ತೆಗೆಯುವಾಗ ನೀವು ಪಕ್ಕದಲ್ಲಿರಬೇಕು."

"ಇರ್ತೀನಿ. ನಿನ್ನ ಕೈ ಹಿಡ್ಕೊಂಡು."