ಎರಡನೇ ಕೇಬಲ್

ಇದು ಹಾಡಹಗಲಲ್ಲೇ ನಡೆದದ್ದು. ಆಸ್ಪತ್ರೆಯಲ್ಲಿ ಮಲಗಿದ್ದ ಅಮ್ಮನದೂ ಸೇರಿ ಕೆಲವು ಕರೆಗಂಟೆಗಳು ಬೆಳಿಗ್ಗೆಯಿಂದ ನರ್ಸ್ ಮೇಜಿಗೆ ತಲುಪಿರಲಿಲ್ಲ. ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವರು ನಾನು ಮತ್ತು ಭಾವ. ಗಂಟೆಗಳ ಕರೆಗಳು ಅವಕ್ಕೆಂದೇ ಬೇರ್ಪಡಿಸಿದ ಜಾಲದಲ್ಲಿ, ಕೆಲಸ ಹಂಚಿಕೊಳ್ಳುವಂತೆ ಒಂದಾಗಿ ಕೂಡಿಸಿದ ಎರಡು ಕೇಬಲ್‌ಗಳ ಮೂಲಕ ಫೈರ್‌ವಾಲ್ ಎಂಬ ಕಾವಲು ಯಂತ್ರಕ್ಕೆ ಬಂದು, ಅಲ್ಲಿಂದ ನರ್ಸ್ ಮೇಜಿಗೆ ಹೋಗುತ್ತವೆ. ಹಿಂದಿನ ದಿನ ಆ ಕೇಬಲ್‌ಗಳನ್ನು ಬದಲಿಸಿದವರು ಭಾವ. ನನಗೆ ಅವರ ಮೇಲೆಯೇ ಗುಮಾನಿ; ಕೇಬಲ್‌ಗಳ ಮುಂದೆ ನಿಂತು ಅವರಿಗೆ ಫೋನ್ ಮಾಡಿದೆ.

"ಏನು ಕಿತಾಪತಿ ಮಾಡಿದ್ರಿ ಭಾವ?"

"ನಿಮ್ಮಕ್ಕನೂ ನನ್ನ ಮೇಲೆ ಇಷ್ಟು ಅನುಮಾನ ಪಡಲ್ಲ ಕಣೋ. ಒಂದೊಂದೇ ಕಿತ್ತು ನೋಡು."

ಎರಡನೆಯದನ್ನು ಕಿತ್ತ ಕೂಡಲೇ ಎಲ್ಲ ಗಂಟೆಗಳೂ ಸರಿಹೋದವು. ಅಂದರೆ, ಕೆಲವು ಕರೆಗಳು ಈ ಕೇಬಲ್ ಹಿಡಿದು ಬೇರೆಲ್ಲಿಗೋ ಹೋಗುತ್ತಿದ್ದವು. ಅದರ ತುದಿ ನನ್ನ ಬೆರಳುಗಳನ್ನು ಮಂಜುಗಡ್ಡೆಯಂತೆ ಕೊರೆಯಿತು.

ಅಮ್ಮನ ವಾರ್ಡಿಗೆ ಓಡಿದೆ. "ಗಂಟೆ ಒತ್ತಿದ್ರೂ ಯಾರೂ ಬರಲಿಲ್ಲ ಅಲ್ವಾ ಅಮ್ಮ?"

"ಯಾಕೆ ಬರಲ್ಲ? ಒತ್ತಿದಾಗೆಲ್ಲ ಬಂದ್ಳು, ಪುಣ್ಯಾತ್ಗಿತ್ತಿ. ನೀರು ಕುಡಿಸಿದ್ಳು, ಹೊದಿಕೆ ಸರಿಮಾಡಿದ್ಳು. ಕೈ ಮಾತ್ರ ಕೊರೆಯೋ ಹಾಗೆ ತಣ್ಣಗಿತ್ತು."

ಬಾಗಿಲಲ್ಲಿ ನಿಂತಿದ್ದ ನರ್ಸ್ ತಡೆದು ತಡೆದು ಹೇಳಿದರು, "ಬೆಳಿಗ್ಗೆಯಿಂದ ನಮ್ಮಲ್ಲಿ ಯಾರೂ ಈ ಕಡೆ ಬಂದೇ ಇಲ್ಲ."

ಅಷ್ಟರಲ್ಲಿ ಭಾವನ ಫೋನ್ ಬಂತು. ಅವರ ದನಿಯಲ್ಲಿ ತಮಾಷೆಯಿರಲಿಲ್ಲ.

"ಬೈಬೇಡ ಕಣೋ. ನಿನ್ನೆ ನಾನು ಎರಡನೇ ಕೇಬಲ್ ಹಾಕೋದನ್ನೇ ಮರೆತಿದ್ದೆ. ಅದು ಇನ್ನೂ ನನ್ನ ಬ್ಯಾಗಲ್ಲೇ ಇದೆ."