ರವಿವಾರದ ಡಬ್ಬಿ ಕ್ಯಾಮೆರಾ

"ವ್ಯಾಸರಾವ್ ಸಾಹೇಬರೇ? ಅವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಎಷ್ಟು ಕಾಲವಾಯಿತು, ವಹಿನಿ!"

ನಾಗಪುರದ ಸೀತಾಬರ್ಡಿಯ ಫೋಟೋ ಸ್ಟುಡಿಯೋದ ಗೋವಿಂದರಾವ್ ಮರಾಠಿಯಲ್ಲಿ ಹೀಗೆಂದು ನಕ್ಕಾಗ ಗಾಜಿನ ಕಪಾಟಿನ ಮೇಲಿದ್ದ ತುಂಗಾಳ ಕೈ ಅಲ್ಲೇ ನಿಂತಿತು. ಅವಳು ಬಂದದ್ದು ಒಂದು ಫಿಲ್ಮ್ ರೋಲು ಕೊಳ್ಳಲು, ಅದೂ ಗಂಡನಿಗೆ ತಿಳಿಯದ ಹಾಗೆ.

"ದೀಪಾವಳಿಗೆ ಒಂದು ರೋಲು ಒಯ್ದಿದ್ದರು. ಅದನ್ನೂ ತೊಳೆಯಲು ತಂದುಕೊಡಲಿಲ್ಲ. ಕ್ಯಾಮೆರಾ ಮಾರಿಬಿಟ್ಟರೋ ಹೇಗೆ?"

ಇಲ್ಲ, ಮನೆಯಲ್ಲೇ ಇದೆ ಎಂದು ತನ್ನ ಹರಕು ಮರಾಠಿಯಲ್ಲಿ ಹೇಳಿ, ರೋಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದಳು. ಬೀದಿಯಲ್ಲಿ ಶ್ರಾವಣದ ಮೋಡ ಮುಸುಕಿತ್ತು. ಟಾಂಗಾಗಳು ಕೆಸರು ಹಾರಿಸುತ್ತಾ ಹೋಗುತ್ತಿದ್ದವು. ಧರಮಪೇಠದ ಮನೆಯವರೆಗೆ ನಡೆಯುತ್ತಾ ಒಂದೇ ಮಾತು ಅವಳನ್ನು ಕೊರೆಯಿತು. ಫೋಟೋ ತೆಗೆಯದಿದ್ದರೆ ಪ್ರತಿ ರವಿವಾರ ಇವರು ಹೋಗುವುದಾದರೂ ಎಲ್ಲಿಗೆ?

ಪ್ರತಿ ರವಿವಾರ ಊಟ ಮುಗಿಸಿ, "ಫೋಟೋ ತೆಗದು ಬರ್ತೀನಿ" ಎಂದು ಗಂಡ ವ್ಯಾಸರಾಜ ಹೊರಡುತ್ತಿದ್ದ. ಹಿಡಿ ಕಿತ್ತುಹೋದ ಕಪ್ಪು ಡಬ್ಬಿ ಕ್ಯಾಮೆರಾವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದ. ಯಾರ ಫೋಟೋ ಎಂದು ಅವಳು ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಹಾಲು ಬಂತೇ, ನಳ ಬಂತೇ ಎನ್ನುವುದರಾಚೆ ಆ ಎರಡು ಕೋಣೆಯ ಮನೆಯಲ್ಲಿ ಮಾತೇ ಉಳಿದಿರಲಿಲ್ಲ.

ಮೊದಲು ಹೀಗಿರಲಿಲ್ಲ.

ಧಾರವಾಡದಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಾಗಪುರ ಅವಳಿಗೆ ಪರದೇಶವೇ. ಭಾಷೆ ಬಾರದು, ಬಿಸಿಲು ತಾಳದು. ಸರಕಾರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ವ್ಯಾಸರಾಜನಿಗೆ, ವಿಲಾಯತಿಗೆ ಮರಳಿದ ಸಾಹೇಬನೊಬ್ಬ ಆ ಡಬ್ಬಿ ಕ್ಯಾಮೆರಾ ಬಿಟ್ಟುಹೋಗಿದ್ದ. ತಿರುಗಿಸಲು ಒಂದು ಗುಂಡಿ, ಒತ್ತಲು ಒಂದು ಸಣ್ಣ ಕಡ್ಡಿ, ಮೇಲೆ ಉಗುರಿನಷ್ಟು ಗಾಜಿನ ಕಿಟಕಿ. ಇಷ್ಟೇ ಅದರ ವೈಭವ. ಒಂದು ರೋಲಿಗೆ ಎಂಟೇ ಚಿತ್ರ. ಆ ಎಂಟನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಗಂಡಹೆಂಡಿರು ವಾರವಿಡೀ ಜಗಳವಾಡುತ್ತಿದ್ದರು. ಅವಳಿಗೆ ಊರ ಹಳೆಯ ಭಾಗವಾದ ಮಹಾಲ್‌ನ ಹಳೆಯ ವಾಡೆಗಳ ಕೆತ್ತನೆಯ ಬಾಗಿಲು ಬೇಕು, ಅವನಿಗೆ ಆ ಬಾಗಿಲಲ್ಲಿ ನಿಂತ ಅವಳು ಬೇಕು.

ಮಹಾರಾಜಬಾಗ್ ಉದ್ಯಾನದಲ್ಲಿ ಮೊದಲ ಸಲ ಅವಳನ್ನು ನಿಲ್ಲಿಸಿ, ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿಕೊಂಡು ಅವನು ಕುತ್ತಿಗೆ ಬಗ್ಗಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಏನ್ರೀ ಇದು? ಫೋಟೋ ತೆಗೀತೀನಂತ ಹೇಳಿ ತಲಿ ತಗ್ಗಿಸಿ ನಿಂತೀರಿ. ನನಗ ನಮಸ್ಕಾರ ಮಾಡಲಿಕ್ಕತ್ತೀರೇನು?"

"ಅಲ್ಲಾಡಬ್ಯಾಡ. ಈ ಕಿಡಕ್ಯಾಗ ನೀ ಇಷ್ಟಽ ಕಾಣ್ತಿ," ಎಂದು ಅವನು ಹೆಬ್ಬೆರಳಿನ ತುದಿ ತೋರಿಸಿದ.

"ಇಷ್ಟಽ ಇದ್ರ ಸಾಕೇನು?"

"ಇಷ್ಟಕ್ಕಽ ಕೈ ನಡಗಲಿಕ್ಕತ್ತದ. ಪೂರ್ತಿ ಕಂಡ್ರ ನನ್ನ ಗತಿ ಏನು?"

ಕೆಂಪೇರಿದ ಮುಖವನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಳು. ಕಡ್ಡಿ ಚಿಟಕ್ಕೆಂದಿತು. ತೊಳೆದು ಬಂದ ಚಿತ್ರದಲ್ಲಿ ಸೆರಗು, ಅದರಾಚೆ ಒಂದು ಕಣ್ಣು. ಅದನ್ನೇ ಅವನು ಬಹಳ ದಿನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಕಚೇರಿಗೆ ಹೋದ. ಸೂರ್ಯ ಬೆನ್ನ ಹಿಂದಿರಬೇಕು, ಉಸಿರು ಹಿಡಿಯಬೇಕು, ಮೋಡವಿದ್ದರೆ ಈ ಡಬ್ಬಿ ಕುರುಡು ಎಂದು ಅವಳಿಗೆ ಕಲಿಸಿದ. ಆ ಗಾಜಿನ ಕಿಟಕಿಗೆ ನೇರ ಬಿಸಿಲು ಬೀಳದಂತೆ ಅವಳು ಕೊಡೆ ಹಿಡಿದು ನಿಲ್ಲುತ್ತಿದ್ದಳು. ಕೊಡೆಯ ನೆರಳಿನಲ್ಲಿ ಅವನ ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ತಾಗಿದ್ದು ಇಬ್ಬರಿಗೂ ಗೊತ್ತಿರುತ್ತಿತ್ತು.

ಆಮೇಲೆ ವೃಂದಾ ಹುಟ್ಟಿದಳು.

ಕೂರಲು ಕಲಿತ ಮಗಳನ್ನು ಸಂಕ್ರಾಂತಿಯ ಬಿಸಿಲಿನಲ್ಲಿ ಅದೇ ಉದ್ಯಾನಕ್ಕೆ ಒಯ್ದು ಎಂಟಕ್ಕೆ ಎಂಟೂ ಚಿತ್ರವನ್ನು ಅವಳಿಗೇ ಮೀಸಲಿಟ್ಟರು. ಮನೆಯ ಮುಂದೆ ಟಾಂಗಾದಿಂದ ಇಳಿಯುವಾಗ ಮಗು ಅವನ ತೋಳಲ್ಲಿತ್ತು, ಕ್ಯಾಮೆರಾ ಅವಳ ಕೈಯಲ್ಲಿತ್ತು. ಚರ್ಮದ ಹಿಡಿ ಕಿತ್ತು ಬಂತು. ಡಬ್ಬಿ ಕಲ್ಲಿನ ಮೇಲೆ ಬಿದ್ದು ಹಿಂಬದಿಯ ಬಾಗಿಲು ತೆರೆದುಕೊಂಡಿತು, ಫಿಲ್ಮ್ ಸುರುಳಿ ಬಿಚ್ಚಿ ಬಿಸಿಲಿಗೆ ಬಿತ್ತು, ಎಂಟೂ ಚಿತ್ರ ಹಾಳಾದವು. "ಹೋಗ್ಲಿ ಬಿಡು, ಮತ್ತ ತೆಗಿಯೋಣಂತ" ಎಂದ ವ್ಯಾಸರಾಜ. ಹಿಂಬಾಗಿಲಿನ ರಿಪೇರಿಗೆ ಕೊಟ್ಟ ಕ್ಯಾಮೆರಾ ಮರಳಿ ಬರುವಷ್ಟರಲ್ಲಿ ಬೇಸಿಗೆ ಬಂತು. ಬೇಸಿಗೆಯ ಜೊತೆ ಜ್ವರ ಬಂತು.

ಹಸಿರು ಸೀರೆಯ ತುಂಡಿನಲ್ಲಿ ಸುತ್ತಿದ ಮಗುವನ್ನು ಅವಳ ಮಡಿಲಿನಿಂದ ಎತ್ತಿಕೊಂಡವರು ಅವನ ಚಿಕ್ಕಪ್ಪ, ಲಕ್ಷ್ಮೀಕಾಂತ ಕಾಕಾ. ತಾಯಿ ಬರಬಾರದು ಎಂದರು. ಎಳೆ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ ಎಂಬುದಷ್ಟೇ ಅವಳಿಗೆ ಗೊತ್ತು. ಎಲ್ಲಿ ಎಂದು ಯಾರೂ ಹೇಳಲಿಲ್ಲ. ಅಂದಿನಿಂದ ಗಂಡ ಅವಳ ಮುಖ ನೋಡಿ ಮಾತಾಡಿದ್ದಿಲ್ಲ. ಮಗಳ ಒಂದಾದರೂ ಚಿತ್ರ ಉಳಿಯದಂತೆ ಮಾಡಿದ್ದು ತನ್ನ ಕೈ, ಅದಕ್ಕೇ ಅವನು ತನ್ನನ್ನು ಕ್ಷಮಿಸಿಲ್ಲ ಎಂದು ಅವಳು ನಂಬಿಬಿಟ್ಟಿದ್ದಳು.

ಈ ಮಳೆಗಾಲದ ಒಂದು ರವಿವಾರ ಅವನು ಮಳೆಯಲ್ಲಿ ತೊಯ್ದ ಟವೆಲಿನೊಂದಿಗೆ ಮನೆಗೆ ಬಂದ. ಮರುದಿನವೇ ಅವಳು ಕ್ಯಾಮೆರಾಗೆ ಒಂದು ಚೀಲ ಹೊಲಿಯಲು ಕೂತಳು. ಮಿಲಿಟರಿಯವರು ಮಾರಿದ ಹಳೆಯ ಖಾಕಿ ಕ್ಯಾನ್ವಾಸು ಮಹಾಲ್‌ನ ಬಜಾರಿನಲ್ಲಿ ಸಿಕ್ಕಿತು. ಒಳಗೆ ಮೆತ್ತಗಿರಲೆಂದು ಹಳೆಯ ಫ್ಲಾನೆಲ್ ಕೊಟ್ಟಳು. ಹೆಗಲಿಗೆ ಅಡ್ಡಲಾಗಿ ಹಾಕಲು ಮಂಚದ ನವಾರಪಟ್ಟಿ, ಮಳೆ ನುಗ್ಗದಂತೆ ಎರಡು ಗುಂಡಿಯ ಮುಚ್ಚಳ, ಪಕ್ಕದಲ್ಲಿ ರೋಲು ಇಡಲು ಪುಟ್ಟ ಕಿಸೆ. ದಬ್ಬಳ ಚುಚ್ಚಿ ಬೆರಳೆಲ್ಲ ಗಾಯವಾಯಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಈ ಚೀಲ ಹೇಳಲಿ ಎಂದು ಅವಳ ಆಸೆ. ಪಕ್ಕದ ಕಿಸೆಯಲ್ಲಿ ಹೊಸ ರೋಲು ಇಟ್ಟು ಕೊಡೋಣವೆಂದೇ ಇವತ್ತು ಸೀತಾಬರ್ಡಿಗೆ ಹೋಗಿದ್ದಳು.

ಈಗ ಮನೆಗೆ ಬಂದವಳೇ ಆ ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಹೋದ ರವಿವಾರವೂ ಮೋಡವಿತ್ತು, ಅದರ ಹಿಂದಿನದೂ. ಬೆಳಕಿಲ್ಲದ ದಿನ ಡಬ್ಬಿ ಕ್ಯಾಮೆರಾ ಹಿಡಿದುಕೊಂಡು ಯಾರಾದರೂ ಫೋಟೋ ತೆಗೆಯಲು ಹೋಗುತ್ತಾರೆಯೇ?

"ಮನೆಯಲ್ಲಿ ನಗು ಸಿಗದ ಗಂಡಸು ಹೊರಗೆ ಹುಡುಕುತ್ತಾನೆ, ತುಂಗಾಬಾಯಿ. ಸ್ವಲ್ಪ ಎಚ್ಚರವಾಗಿರು," ಎಂದು ಮನೆಯೊಡತಿ ಲೀಲಾಬಾಯಿ ಹಿಂದೊಮ್ಮೆ ಅಂದದ್ದು ಈಗ ಮುಳ್ಳಿನಂತೆ ಚುಚ್ಚಿತು.

ರವಿವಾರ ಅವನು ಹೊರಟ. ಬೀದಿಯ ತಿರುವು ದಾಟುವವರೆಗೆ ತಡೆದು ಅವಳೂ ಹೊರಟಳು. ಚೀಲವನ್ನು ಯಾಕೆ ಹೆಗಲಿಗೆ ಹಾಕಿಕೊಂಡಳೋ ಅವಳಿಗೇ ತಿಳಿಯದು. ಬಹುಶಃ ಆ ಇನ್ನೊಬ್ಬಳ ಮುಂದೆ ಅವನ ಮೇಲೆ ಎಸೆಯಲು.

ಅವನು ಊರೊಳಗೆ ಹೋಗಲಿಲ್ಲ. ಅಂಬಾಝರಿ ಕೆರೆಯ ದಾರಿ ಹಿಡಿದ. ಮನೆಗಳು ಮುಗಿದವು. ಕಪ್ಪು ಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಯಿತು. ಕೆರೆಯ ಆಚೆಗಿನ ಬಯಲಿನಲ್ಲಿ ಬೇವಿನ ಮರಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು. ಅವುಗಳಲ್ಲಿ ಒಂದರ ಕೆಳಗೆ ಅವನು ನಿಂತ. ಹಿಂದಿನ ಮರದ ಮರೆಯಲ್ಲಿ ನಿಂತು ತುಂಗಾ ಯಾರು ಬರುತ್ತಾರೆಂದು ಕಾದಳು.

ಯಾರೂ ಬರಲಿಲ್ಲ.

ವ್ಯಾಸರಾಜ ಕ್ಯಾಮೆರಾವನ್ನು ಟವೆಲಿನ ಮೇಲೆ ಇಟ್ಟು ಕುಕ್ಕರಗಾಲಲ್ಲಿ ಕೂತ. ವಾರದ ಮಳೆಗೆ ಮತ್ತೆ ಚಿಗುರಿದ ಹುಲ್ಲನ್ನು ಒಂದೊಂದೇ ಹಿಡಿಯಾಗಿ ಕಿತ್ತು ಪಕ್ಕಕ್ಕಿಟ್ಟ. ಒಂದು ಸಣ್ಣ ಜಾಗ ಸ್ವಚ್ಛವಾಯಿತು. ತೊಟ್ಟಿಲಿಗಿಂತ ದೊಡ್ಡದಲ್ಲ. ಆ ಮಣ್ಣಿನ ಮೇಲೆ ಅಂಗೈ ಇಟ್ಟು, ನಿದ್ದೆಹೋದ ಕೂಸನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟತೊಡಗಿದ.

ತುಂಗಾ ಮರದ ಮರೆ ಬಿಟ್ಟು ಮುಂದೆ ಹೆಜ್ಜೆಯಿಟ್ಟಳು. ಕಾಲ ಕೆಳಗೆ ಕಡ್ಡಿಯೊಂದು ಮುರಿದ ಸದ್ದಿಗೆ ಅವನು ತಿರುಗಿದ.

ಕೂತಲ್ಲಿಂದಲೇ ಕೇಳಿದ.

"ನೀ ಇಲ್ಲಿಗ್ಯಾಕ ಬಂದಿ?"

"ನಿಮ್ಮ ಜೋಡಿ ಯಾರದಾರ ಅಂತ ನೋಡಲಿಕ್ಕೆ ಬಂದೆ."

ಅವನು ಕಣ್ಣು ತಗ್ಗಿಸಿದ. "ಅದಾಳ," ಎಂದ. "ಇಲ್ಲೇ ಅದಾಳ."

ಅವಳು ಬಂದು ಆ ಮಣ್ಣಿನ ಇನ್ನೊಂದು ಪಕ್ಕದಲ್ಲಿ ಕೂತಳು. ಮುಟ್ಟಿದಳು. ತಣ್ಣಗಿತ್ತು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಬಂದದ್ದು ಸಿಟ್ಟು.

"ಇಷ್ಟು ದಿನಾ ಒಬ್ರಽ ಬಂದು ಕೂತ್ರಿ. ನಾ ಅಕಿ ತಾಯಿ ಅಲ್ಲೇನು?"

"ಕಾಕಾ ಆಣಿ ಹಾಕಿದ್ರು. ಜಾಗಾ ತೋರಸಬ್ಯಾಡ, ಎದಿ ಒಡಕೋತಾಳ ಅಂದ್ರು."

"ಒಡೀಲಿಕ್ಕೆ ಎದಿ ಇನ್ನೇನು ಉಳದದ್ರಿ?"

ಅವನು ಕ್ಯಾಮೆರಾ ಎತ್ತಿಕೊಂಡು ಅದರ ಮೂಲೆಯ ನೆಗ್ಗನ್ನು ಬೆರಳಿನಿಂದ ತೀಡಿದ. "ಒಂದು ಫೋಟೋನಾದ್ರೂ ತೆಗದು ನಿನಗ ಕೊಡಬೇಕಂತ ದೀಪಾವಳಿಗೆ ರೋಲು ಹಾಕಿದೆ. ಪ್ರತಿ ಸಲ ಬರ್ತೀನಿ, ಬಗ್ಗಿ ನೋಡತೀನಿ. ಕಿಡಕ್ಯಾಗ ಬರೇ ಹುಲ್ಲು ಕಾಣ್ತದ. ಹುಲ್ಲಿನ ಫೋಟೋ ತೆಗದು ಹೆಂಗ ಕೊಡಲಿ? ಕೈಽ ಬರಲಿಲ್ಲ."

"ಅಕಿ ಫೋಟೋ ಇದ್ವು. ನನ್ನ ಕೈಯಿಂದ ಹಾಳಾದ್ವು," ಎಂದಳು ತುಂಗಾ. "ಅದಕ್ಕಽ ನೀವು ನನ್ನ ಮುಖಾ ನೋಡೂದು ಬಿಟ್ರಿ. ನನಗ ಗೊತ್ತದ."

ವ್ಯಾಸರಾಜ ಬೆಚ್ಚಿಬಿದ್ದವನಂತೆ ತಲೆಯೆತ್ತಿದ. "ಅದಕ್ಕ? ಹುಚ್ಚಿ ಇದ್ದೀಯೇನು ನೀ? ಹಿಡಿ ಸವದು ಹೋಗಿತ್ತು. ನನ್ನ ಕೈಯಾಗಿದ್ರ ನನ್ನ ಕೈಯಿಂದ ಬೀಳತಿತ್ತು."

"ಮತ್ತ ಯಾಕ?"

ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸಿ ಬೇವಿನ ಎಲೆ ಉದುರಿದವು.

"ವೃಂದಾ ಥೇಟ್ ನಿನ್ನ ಹಂಗಽ ಇದ್ಲು," ಎಂದ ಅವನು. "ನೀ ಹುಬ್ಬು ಏರಿಸಿದ್ರ ಅಕಿ ಕಾಣ್ತಾಳ. ನೀ ನಿದ್ದಿಯೊಳಗ ತುಟಿ ಅಲ್ಲಾಡಿಸಿದ್ರ ಅಕಿ ಕಾಣ್ತಾಳ. ನಾ ಗ್ವಾಡಿ ಕಡೆ ಮುಖಾ ಮಾಡಿ ಮಲಗತೀನಲ್ಲ, ಅದು ಸಿಟ್ಟಿಗಲ್ಲ, ತುಂಗಾ. ನಿನ್ನ ನೋಡಿದ್ರ ನಾ ಅಲ್ಲೇ ಅತ್ತಬಿಡ್ತೀನಿ, ನಾನಽ ಅತ್ರ ನಿನಗ ಯಾರು ಅದಾರ ಅಂತ ಹೆದರಿಕಿ. ನಿನ್ನ ಮ್ಯಾಲಿನ ಜೀವಾ ಒಂದು ಕೂದಲಷ್ಟೂ ಕಮ್ಮಿ ಆಗಿಲ್ಲ. ಅದಽ ನನಗ ತಾಳಲಿಕ್ಕೆ ಆಗವಲ್ದು."

ಇಷ್ಟು ಮಾತನ್ನು ಅವನು ಮಣ್ಣಿಗೆ ಹೇಳಿದ್ದ. ತುಂಗಾ ಮುಂದೆ ಬಾಗಿ, ಗಾಯದ ಬೆರಳುಗಳಿಂದ ಅವನ ಗಲ್ಲ ಹಿಡಿದೆತ್ತಿದಳು.

"ಹಂಗಾದ್ರ ನೋಡ್ರಿ."

"ಬ್ಯಾಡ."

"ಫೋಟೋ ಇಲ್ಲಂತೀರಿ. ನಾ ಇದ್ದೀನಲ್ಲ. ನೋಡ್ರಿ ನನ್ನ."

ಅವನು ನೋಡಿದ. ಹಣೆ, ಹುಬ್ಬು, ಕೆಳತುಟಿಯ ಸಣ್ಣ ಕುಳಿ. ನೋಡುತ್ತಾ ನೋಡುತ್ತಾ ಅವನ ಅಳು ಕಟ್ಟೆಯೊಡೆಯಿತು. ಮಣ್ಣು ಮೆತ್ತಿದ ಕೈಗಳಲ್ಲಿ ಮುಖ ಮುಚ್ಚಿಕೊಳ್ಳಲು ಹೋದ, ಅವಳು ಬಿಡಲಿಲ್ಲ. ಅವನ ತಲೆಯನ್ನು ಹೆಗಲಿಗೆ ಎಳೆದುಕೊಂಡಳು. ಆಗ ಅವಳಿಗೂ ಅಳು ಬಂತು. ಇಬ್ಬರ ನಡುವೆ ಆ ಪುಟ್ಟ ಜಾಗವಿತ್ತು. ಅದರ ಮೇಲೆ ಬಾಗಿ ಇಬ್ಬರೂ ಬಹಳ ಹೊತ್ತು ಅತ್ತರು.

ಹನಿ ಬೀಳತೊಡಗಿತು. ಅಭ್ಯಾಸಬಲದಿಂದ ಅವನು ಕ್ಯಾಮೆರಾವನ್ನು ಎದೆಗೆ ಅವಚಿಕೊಂಡ. ಅವಳು ಹೆಗಲಿನ ಚೀಲ ತೆಗೆದು ಅವನತ್ತ ಚಾಚಿದಳು. ಡಬ್ಬಿ ಅದರೊಳಗೆ ಅಳತೆ ಹಿಡಿದಂತೆ ಕೂತಿತು. ಮುಚ್ಚಳದ ಗುಂಡಿ ಹಾಕಿ, ನವಾರಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡ. ಎರಡೂ ಕೈ ಖಾಲಿಯಾಗಿದ್ದಕ್ಕೆ ಅವನಿಗೇ ವಿಚಿತ್ರವೆನಿಸಿತು.

"ಯಾವಾಗ ಹೊಲದಿ ಇದನ್ನ?"

"ನೀವು ಕಚೇರಿಗೆ ಹೋದಾಗ."

"ಬೆರಳು ಇಷ್ಟು ಗಾಯಾ ಮಾಡಿಕೊಂಡೀ. ನಾ ನೋಡಲೇ ಇಲ್ಲ," ಎಂದು ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ. ಆಮೇಲೆ ಮೋಡದ ಕಡೆ ನೋಡಿ, "ಮುಂದಿನ ರವಿವಾರ ಬಿಸಿಲು ಬಿದ್ರ ನೀನೂ ಬಾ," ಎಂದ.

"ಬಿಸಿಲು ಬೀಳದಿದ್ರೂ ಬರ್ತೀನಿ."

ಮರಳುವ ದಾರಿಯಲ್ಲಿ ಖಾಲಿ ಟಾಂಗಾ ಸಿಕ್ಕಿತು. ಮಳೆಗೆ ಬೀದಿಗಳು ಬೂದುಬಣ್ಣವಾಗಿದ್ದವು. ಧರಮಪೇಠ ಬಂದಾಗ ಅವನ ಕೈ ಬಂದು ಅವಳ ಕೈಯ ಮೇಲೆ ಕೂತಿತು. ಹಗಲು ಹೊತ್ತು, ತೆರೆದ ಟಾಂಗಾ, ಮಹಡಿಯ ಗ್ಯಾಲರಿಗಳಲ್ಲಿ ಗುರುತಿನ ಮುಖಗಳು. ಲೀಲಾಬಾಯಿ ಒಣಹಾಕಿದ ಬಟ್ಟೆ ಎಳೆಯುತ್ತಿದ್ದವಳು ಹಾಗೇ ನಿಂತು ನೋಡಿದಳು.

"ಬಿಡ್ರಿ, ಮಂದಿ ನೋಡ್ತಾರ," ಎಂದಳು ತುಂಗಾ ಮೆಲ್ಲಗೆ.

"ನೋಡಲಿ," ಎಂದ ವ್ಯಾಸರಾಜ.

ಟಾಂಗಾ ಮನೆಯ ಮುಂದೆ ನಿಂತಿತು. ಒಳಗೆ ಕತ್ತಲಿತ್ತು, ಇನ್ನೂ ದೀಪ ಹಚ್ಚಬೇಕಿತ್ತು. ಅವನು ಮೊದಲು ಇಳಿದು, ಹಿಡಿದ ಕೈ ಬಿಡದೆ, ಅವಳನ್ನು ಇಳಿಸಿಕೊಂಡ.