ಸೊಂಟದ ಮಟ್ಟದ ನೀರು

"ನಿಮ್ಮಜ್ಜಿ ಏನು ಮೀನಾ?" ಎಂದು ಬಾರ್ನಬಿ ಕೇಳಿದ. "ನೀರೊಳಗೇ ನಡ್ಕೊಂಡ್ ಬಂದ್ರಾ? ಕೋಳೀನೂ ಮುಳುಗಿಸ್ಕೊಂಡು?"

ಇಡೀ ಕ್ಲಾಸು ನಕ್ಕಿತು. ಹೆಟ್ಟಿಗೆ ಮೈಯೆಲ್ಲ ಉರಿಯಿತು.

ಅವರೆಲ್ಲ ಆಸ್ಲೇಡ್ ಊರಿನ ಚರ್ಚಿನ ಗೋಡೆಯ ಮುಂದೆ ನಿಂತಿದ್ದರು. ಗೋಡೆಯ ಒಂದು ಕಲ್ಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 1947 ಎಂದು ಕೆತ್ತಿತ್ತು. ಆ ವರ್ಷ ನದಿ ಉಕ್ಕಿ ಊರೊಳಗೆ ಬಂದಾಗ ನೀರು ನಿಂತ ಮಟ್ಟ ಅದು. ಟೀಚರ್ ಮಿಸ್ ಗಾರ್ಬಟ್ ನೆಲದಿಂದ ಗೆರೆಯವರೆಗೆ ಟೇಪು ಹಿಡಿದು ಅಳೆದರು. ಒಂದು ಮೀಟರ್ ನಲವತ್ತು. ಹತ್ತು ವರ್ಷದ ಹೆಟ್ಟಿಯೇ ಮುಳುಗಿಹೋಗುವಷ್ಟು.

ಅಜ್ಜಿ ಹೇಳಿದ್ದೇ ಬೇರೆ. ಆಗ ಅವಳಿಗೆ ಏಳು ವರ್ಷ. ಹೇಂಟೆಯೊಂದನ್ನು ಎದೆಗೆ ಅವಚಿಕೊಂಡು, ಸೊಂಟದ ಮಟ್ಟದ ನೀರಿನಲ್ಲಿ ನಡೆದು ಇದೇ ಚರ್ಚಿಗೆ ಬಂದು ಸೇರಿದ್ದಳಂತೆ. ಊರಿನ ಹಳೆಯ ಸೇತುವೆ, ಗಿರಣಿ, ಚರ್ಚುಗಳ ಬಗ್ಗೆ ಶಾಲೆಯವರು ಬರೆಯುತ್ತಿದ್ದ ದೊಡ್ಡ ಬೋರ್ಡಿನಲ್ಲಿ ಈ ಕತೆಯೂ ಇತ್ತು.

"ಅಜ್ಜಿ ಸುಳ್ಳು ಹೇಳಿದ್ರು ಅಂತಲ್ಲ ಹೆಟ್ಟಿ," ಎಂದರು ಮಿಸ್. "ವಯಸ್ಸಾದ್ಮೇಲೆ ನೆನಪು ಕಲಸಿಹೋಗುತ್ತೆ. ಕಲ್ಲು ಮರೆಯಲ್ಲ, ಅಲ್ವಾ? ನಾಳೆ ಮಧ್ಯಾಹ್ನ ಬೋರ್ಡು ಪ್ರಿಂಟಿಗೆ ಹೋಗುತ್ತೆ. ಆ ಕತೆ ಬಿಟ್ಬಿಡೋಣ."

"ಅಜ್ಜಿಗೆ ಎಲ್ಲಾ ನೆನಪಿದೆ ಮಿಸ್! ಕೋಳಿ ಹೆಸರೂ ನೆನಪಿದೆ!"

"ಏನಂತೆ ಹೆಸರು?" ಬಾರ್ನಬಿ ಹಲ್ಲು ಕಿಸಿದ.

"ಡಚೆಸ್!"

ಕೋಳಿಗೆ ರಾಣಿಯಂಥವರ ಬಿರುದು! ಹೇಳಬಾರದಿತ್ತು. ಈ ಸಲ ಮಿಸ್ ಗಾರ್ಬಟ್ ಕೂಡ ನಗು ತಡೆಯಲು ಕೆಮ್ಮಿದರು.

ಶಾಲೆ ಬಿಟ್ಟ ಮೇಲೆ ಹೆಟ್ಟಿ ಒಬ್ಬಳೇ ಮತ್ತೆ ಅಲ್ಲಿಗೆ ಹೋದಳು. ಯಾಕೆಂದರೆ ಆ ಕಲ್ಲಿನ ಮೇಲೇ ಅವಳಿಗೆ ಸಿಟ್ಟು. ಗೋಡೆಗೆ ಒಂದು ಒದ್ದಳು. ಬುಡದಲ್ಲಿ ಎತ್ತರಕ್ಕೆ ಬೆಳೆದಿದ್ದ ತುರಿಕೆ ಗಿಡ ಮೊಣಕಾಲಿಗೆ ತಗುಲಿ ಚುರ್ ಎಂದಿತು. "ನೀನೂ ಶುರು ಮಾಡ್ಕೊಂಡ್ಯಾ!" ಎಂದು ಅವಳು ಬ್ಯಾಗಿನಿಂದ ಗಿಡವನ್ನು ರಪರಪ ಬಡಿದಳು. ಗಿಡ ಮಲಗಿತು.

ಅದರ ಹಿಂದೆ ಒಂದು ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತಲಿನ ಕಲ್ಲುಗಳಿಗೆಲ್ಲ ಪಾಚಿ, ಇದಕ್ಕೆ ಮಾತ್ರ ಇಲ್ಲ. ಮೂಲೆಯಲ್ಲಿ ಹಕ್ಕಿಯ ಹೆಜ್ಜೆಯಂಥ ಪುಟ್ಟ ಗುರುತು. ಕಲ್ಲುಕೆಲಸದವರಿಗೆ ತಲಾ ಒಂದೊಂದು ಗುರುತಿರುತ್ತದೆ. ಈ ಗುರುತನ್ನು ಹೆಟ್ಟಿ ಹುಟ್ಟಿದಾಗಿನಿಂದ ನೋಡಿದ್ದಳು. ಅಪ್ಪನದು.

ಹೆಟ್ಟಿ ತಲೆಯೆತ್ತಿ ಗೆರೆಯ ಕಲ್ಲನ್ನು ನೋಡಿದಳು. ಅದರ ಸುತ್ತಲಿನ ಗಾರೆಯೂ ಉಳಿದ ಗೋಡೆಯದಕ್ಕಿಂತ ಹೊಸದೇ.

ಅಪ್ಪ ಹಿತ್ತಲಲ್ಲಿ ಉಳಿ ಮಸೆಯುತ್ತಿದ್ದ.

"ಗೆರೆಯ ಕಲ್ಲು ಮೊದ್ಲು ಕೆಳಗಿತ್ತಾ?" ಹೆಟ್ಟಿ ಏದುಸಿರು ಬಿಡುತ್ತಲೇ ಕೇಳಿದಳು.

ಅಪ್ಪನ ಕೈ ನಿಂತಿತು. "ಒಂಬತ್ತು ವರ್ಷದ ಹಿಂದೆ ಗೋಡೆ ರಿಪೇರಿ ಮಾಡ್ವಾಗ ಮೇಲಿಟ್ಟೆ. ತುರಿಕೆ ಗಿಡದಲ್ಲಿ ಮುಚ್ಚಿಹೋಗಿತ್ತು, ಯಾರಿಗೂ ಕಾಣಿಸ್ತಿರ್ಲಿಲ್ಲ. ಕಣ್ಣಿಗೆ ಬೀಳ್ಲಿ ಅಂತ..."

"ಅದು ನೀರಿನ ಮಟ್ಟ ಅಪ್ಪಾ! ಗೋಡೆ ಗಡಿಯಾರ ಅಲ್ಲ! ನಿನ್ನಿಂದ ಅಜ್ಜಿ ಸುಳ್ಳಿ ಆದ್ಲು. ನಿನ್ನಂಥ ಪೆದ್ದ ಎಲ್ಲೂ ಇಲ್ಲ!"

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಟ್ಟಿ ಧಡಾರನೆ ಗೇಟು ಹಾಕಿ ಸೇತುವೆಯ ಹತ್ತಿರದ ಅಜ್ಜಿಯ ಮನೆಗೆ ಓಡಿದಳು.

ಅಜ್ಜಿ ಎಲ್ಲ ಕೇಳಿಸಿಕೊಂಡಳು. ಟೀ ಬಗ್ಗಿಸುತ್ತ, "ಗೊತ್ತು ಕಣೇ," ಎಂದಳು.

"ಗೊತ್ತಾ?"

"ಪ್ರತಿ ಭಾನುವಾರ ಅದರ ಮುಂದೇನೇ ಹೋಗ್ತೀನಿ. ಕಣ್ಣು ಕುರುಡಾಗಿದ್ಯಾ ನಂಗೆ?"

"ಮತ್ತೆ ಯಾಕೆ ಸುಮ್ನಿದ್ದೆ? ಒಂಬತ್ತು ವರ್ಷದಿಂದ?"

"ಅದು ನಿಮ್ಮಪ್ಪ ಸ್ವಂತವಾಗಿ ಹಿಡಿದ ಮೊದಲನೇ ಕೆಲಸ. ಊರೋರೆಲ್ಲ ನಿಂತು ನೋಡಿ, ಭೇಷ್ ಅಂತಿದ್ರು."

"ಅದಕ್ಕೆ ನೀನು ಸುಳ್ಳಿ ಅನ್ನಿಸ್ಕೋಬೇಕಾ?"

"ಬಿಸ್ಕತ್ತು ತಗೋ," ಎಂದಳು ಅಜ್ಜಿ. ಹೆಟ್ಟಿಗೆ ಅವಳ ಮೇಲೂ ಕೋಪ ಬಂತು. ಬಿಸ್ಕತ್ತು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿಗೆ ಕ್ಲಾಸಿನ ಬಾಗಿಲಲ್ಲಿ ಅಪ್ಪ ನಿಂತಿದ್ದ. ಕೆಲಸದ ಬೂಟು ಹಾಕಿಕೊಂಡಿದ್ದ. ಟೋಪಿ ಕೈಯಲ್ಲಿತ್ತು. ಕಿವಿ ಕೆಂಪಾಗಿತ್ತು.

"ಮಿಸ್, ಆ ಕಲ್ಲು ನಾನು ತಪ್ಪು ಜಾಗದಲ್ಲಿ ಇಟ್ಟಿದ್ದೀನಿ," ಎಂದ. "ಗೆರೆ ಇದ್ದಿದ್ದು ನೆಲದಿಂದ ಎಪ್ಪತ್ತು ಸೆಂಟಿಮೀಟರಿಗೆ. ನಮ್ಮಮ್ಮ ಹೇಳಿದ್ದೇ ಸರಿ. ಅವರ ಕತೆ ಬೋರ್ಡಿನಲ್ಲಿ ಇರ್ಲಿ. ತಪ್ಪು ನಂದು ಅಂತಾನೂ ಬರೀರಿ. ಕಲ್ಲನ್ನ ವಾಪಸ್ ಕೆಳಗೆ ಇಡೋಕೆ ಚರ್ಚಿನೋರ ಹತ್ರ ಕೇಳ್ಕೊಂಡು ಬಂದಿದ್ದೀನಿ."

ಮಿಸ್ ಗಾರ್ಬಟ್ ಕ್ಲಾಸಿನ ಗೋಡೆಯ ಬಳಿ ಹೋಗಿ ಸ್ಕೇಲು ಹಿಡಿದು ಎಪ್ಪತ್ತಕ್ಕೆ ಬೆರಳಿಟ್ಟರು. ಏಳು ವರ್ಷದ ಹುಡುಗಿಯ ಸೊಂಟ ಅಲ್ಲಿಗೇ ಬರುತ್ತಿತ್ತು. "ನಾನೂ ಅಜ್ಜಿ ಹತ್ರ ಕ್ಷಮೆ ಕೇಳ್ಬೇಕು," ಎಂದರು.

ಹೆಟ್ಟಿ ಗೆದ್ದಿದ್ದಳು. ಅಷ್ಟರಲ್ಲಿ ಬಾರ್ನಬಿ ಪಕ್ಕದವನ ಕಿವಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಇವಳಪ್ಪ ಎಂಥಾ ಪೆದ್ದ ನೋಡೋ!" ಎಂದ.

ನಿನ್ನೆ ಅವಳೇ ಆಡಿದ ಮಾತು. ಇವತ್ತು ಅದು ಎದೆಗೆ ಗುದ್ದಿದ ಹಾಗಾಯಿತು. ಅಪ್ಪನಿಗೂ ಕೇಳಿಸಿತ್ತು. ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ನಿಂತಿದ್ದ.

ಅಜ್ಜಿ ಒಂಬತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಹೆಟ್ಟಿಗೆ ಆಗ ಗೊತ್ತಾಯಿತು. ಅವಳು ಎದ್ದು, ಬೆಂಚುಗಳ ಸಾಲು ದಾಟಿ, ಎಲ್ಲರ ಎದುರಿಗೇ ಹೋಗಿ ಅಪ್ಪನ ಪಕ್ಕ ನಿಂತಳು.